ಗೊದಮೊಟ್ಟೆಯಿಲ್ಲದ ಕಪ್ಪೆ

ನವಲಗುಂದದ ಎರೆಹೊಲಗಳ ಹೊಂಡಗಳಲ್ಲಿ ಮುಂಗಾರಿನ ಗೊದಮೊಟ್ಟೆಗಳನ್ನು ಶ್ರೋತೃಗಳಲ್ಲಿ ಅನೇಕರು ಕಂಡಿರಬಹುದು. ಹೊಂಡ ಬತ್ತುವುದರೊಳಗಾಗಿ ಅವಕ್ಕೆ ಕಾಲು ಮೂಡಬೇಕು. ಇಲ್ಲವಾದರೆ ಮರಣವೇ ಗತಿ. ಕಲಘಟಗಿಯನ್ನು ದಾಟಿ ಪಶ್ಚಿಮಕ್ಕೆ ಸಹ್ಯಾದ್ರಿಯನ್ನು ಸೇರಿದೆವಾದರೆ, ಈ ಕ್ರಮವನ್ನೇ ಮೀರಿದ ಪುಟ್ಟ ಪೊದೆಗಪ್ಪೆಗಳುಂಟು. 2010ರಲ್ಲಿ ಇವುಗಳ ಕುಲಕ್ಕೆ ರಾವೊರ್ಕೆಸ್ಟಿಸ್ ಎಂದು ಹೆಸರಾಯಿತು. ಅದು ಬೆಂಗಳೂರು ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣರಾಯರಿಗೆ ಸಂದ ಗೌರವ, ಯೋಗ್ಯವಾದುದೇ.

ಇವು ಹೊಂಡವನ್ನು ನೆಚ್ಚದೆ, ತೇವದ ನೆಲದಲ್ಲಿಯೋ ಎಲೆಯ ಮೇಲೆಯೋ ಕೆಲವೇ ದೊಡ್ಡ ತತ್ತಿಗಳನ್ನಿಡುತ್ತವೆ. ಆಹಾರವೆಲ್ಲ ತತ್ತಿಯ ಭಂಡಾರದಲ್ಲಿಯೇ ಇರುವುದರಿಂದ, ಪಾಚಿಯನ್ನು ಕೆರೆದು ತಿನ್ನುವ ಬಾಯಿ ಭ್ರೂಣಕ್ಕೆ ಬೇಕಿಲ್ಲ. ಕೈಕಾಲುಗಳು ಬೇಗನೆ ಮೊಳೆಯುತ್ತವೆ. ಪೋರ್ಟೊರಿಕೊ ದ್ವೀಪದ ಇಂತಹದೇ ಕಪ್ಪೆಯಲ್ಲಿ ತೆಳುವಾದ ಬಾಲವೇ ಭ್ರೂಣದ ಉಸಿರಾಟದ ಅಂಗ. ತತ್ತಿಯೊಡೆದು ಬರುವುದು ಪೂರ್ಣರೂಪದ ಮರಿಗಪ್ಪೆ.

ಹೊಂಡ ಬೇಡವೆಂದರೆ ತೇವವೂ ಬೇಡವೆಂದಲ್ಲ. ಮರ ಕಡಿದು ನೆಲಕ್ಕೆ ಬಿಸಿಲು ಬಿದ್ದೆಡೆ ತತ್ತಿ ಒಣಗುತ್ತದೆ, ಒಳಗಿನ ಜೀವವೂ ಅಲ್ಲಿಯೇ ಅಳಿಯುತ್ತದೆ.