ರಂಟಿ ಮೇಲೆ ಕಲ್ಲು ಯಾಕೆ ಹೇರಬೇಕಾಗುತ್ತೆ? ಉತ್ತರ ಇರೋದು ಕುಳದಲ್ಲಿ

ಕಡಲೆ, ಬಿಳಿಜೋಳದ ರಾಶಿ ಮುಗಿದು ಮಾಗಿ ಉಳುಮೆ ಶುರುವಾಯ್ತು ಅಂದ್ರೆ ನಮ್ಮ ಎರಿ ಹೊಲಗಳಲ್ಲಿ ಈ ದೃಶ್ಯ ಸಾಮಾನ್ಯ. ಟ್ರ್ಯಾಕ್ಟರ್ ಹಿಂದಿನ ರಂಟಿ ಮೇಲೆ ದೊಡ್ಡ ಕಲ್ಲು, ಇಲ್ಲಾ ಮಣ್ಣು ತುಂಬಿದ ಚೀಲ. ಕೆಲವು ಕಡೆ ಹುಡುಗನೊಬ್ಬ ರಂಟಿ ಮೇಲೇ ಕುಂತಿರ್ತಾನೆ. ಕೇಳಿದರೆ ಒಂದೇ ಮಾತು: “ರಂಟಿ ಒಳಗ ಇಳೀವಲ್ದ್ರೀ, ಭಾರ ಬೇಕು.”

ಮೊದಲು ಆ ಹುಡುಗನನ್ನ ಕೆಳಗಿಳಿಸಿ. ಕುಳ ಬೇರಿಗೋ ಬಂಡೆಗೋ ತಾಗಿ ರಂಟಿ ಜಿಗಿದರೆ ಅವನು ಬೀಳೋದು ಕುಳದ ಬಾಯಿಗೇ. ಕಲ್ಲಿನ ವಿಚಾರ ಆಮೇಲೆ.

ಸರಿಯಾಗಿ ಮಾಡಿದ ನೇಗಿಲಿಗೆ ಭಾರ ಹೇರೋ ಅಗತ್ಯವೇ ಬೀಳೋದಿಲ್ಲ, ಅದು ತಾನಾಗೇ ಮಣ್ಣೊಳಗೆ ಎಳಕೊಂಡು ಹೋಗಬೇಕು. ಅದಕ್ಕೆ ಕಾರಣ ಕುಳದ ತುದಿಯ ಸಣ್ಣ ಬಾಗು. ರಂಟಿಯನ್ನ ಸಪಾಟಾದ ಸಿಮೆಂಟ್ ನೆಲದ ಮೇಲೆ ಇಟ್ಟು ನೋಡಿ. ಕುಳದ ತುದಿ ಮತ್ತು ಹಿಂದಿನ ಹಿಮ್ಮಡಿ ನೆಲಕ್ಕೆ ತಾಗಿರಬೇಕು, ನಡುವೆ ಮೂರರಿಂದ ಐದು ಮಿಲಿಮೀಟರ್ ಸಂದು ಇರಬೇಕು. ಎರಡು ಮೂರು ರೂಪಾಯಿ ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ಅಷ್ಟೇ. ಈ ಸಂದೇ ನೇಗಿಲನ್ನ ಕೆಳಕ್ಕೆ ಎಳೆಯೋದು. ಕುಳ ಸವೆದು ತುದಿ ಮೊಂಡಾದರೆ ಸಂದು ಹೋಯ್ತು, ಸಂದು ಹೋದರೆ ರಂಟಿ ಮೇಲೆ ತೇಲುತ್ತೆ. ಆಗ ನಾವು ಕಲ್ಲು ಹುಡುಕ್ತೀವಿ. ಕಲ್ಲಿನಿಂದ ಒಂದಿಷ್ಟು ಆಳ ಸಿಗಬಹುದು, ಆದರೆ ಮೊಂಡು ಕುಳ ಮಣ್ಣನ್ನ ಕೊಯ್ಯೋದಿಲ್ಲ, ಅಮುಕುತ್ತೆ. ಅದರ ಖರ್ಚು ಡೀಸೆಲ್ ಟಾಕಿಯಿಂದ ಹೋಗುತ್ತೆ.

ಎಷ್ಟು ಹೋಗುತ್ತೆ? ಒಂದು ಲೆಕ್ಕ ಹಾಕೋಣ. 12 ಇಂಚಿನ ಎರಡು ಕುಳ ಅಂದರೆ ಅಗಲ ಸುಮಾರು 60 ಸೆಂ.ಮೀ. ಆಳ 20 ಸೆಂ.ಮೀ. ಅಂದ್ಕೊಳ್ಳಿ. ಒಂದೇ ಹೊಡೆತಕ್ಕೆ ಕೊಯ್ಯಬೇಕಾದ ಮಣ್ಣಿನ ಮುಖ 1,200 ಚದರ ಸೆಂ.ಮೀ. ಗಟ್ಟಿ ಎರಿ ಮಣ್ಣು ಪ್ರತಿ ಚದರ ಸೆಂ.ಮೀ.ಗೆ 0.7 ಕೆ.ಜಿ. ತಡೆ ಕೊಟ್ಟರೆ ಎಳೆತ 840 ಕೆ.ಜಿ. ಗಂಟೆಗೆ 4 ಕಿ.ಮೀ. ವೇಗದಲ್ಲಿ ಬರೀ ಎಳೆಯೋದಕ್ಕೇ 12 ಎಚ್‌ಪಿ ಮೇಲೆ ಬೇಕು. ಆಳ 30 ಸೆಂ.ಮೀ.ಗೆ ಹೋದರೆ ಅದು 18 ದಾಟುತ್ತೆ. ಇದು ಚೂಪು ಕುಳದ ಲೆಕ್ಕ. ಮೊಂಡು ಕುಳಕ್ಕೆ ಮೇಲೆ ಇನ್ನಷ್ಟು ಸೇರಿಸಿಕೊಳ್ಳಿ. ತಾಸಿನ ಲೆಕ್ಕದಲ್ಲಿ ಬಾಡಿಗೆ ಕೊಡೋ ರೈತರಿಗೂ, ಬಾಡಿಗೆ ಹೊಡಿಯೋ ಟ್ರ್ಯಾಕ್ಟರ್ ಮಾಲೀಕರಿಗೂ ನಷ್ಟ ಇಲ್ಲೇ ಆಗೋದು.

ಹಾಗಾದರೆ ಸುಧಾರಣೆ ಅಂದ್ರೆ ದಪ್ಪ ಪ್ಲೇಟ್ ಹಾಕೋದಾ? ನಮ್ಮ ವೆಲ್ಡಿಂಗ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಆಗೋದು ಅದೇ. ರಂಟಿ ಭಾರ ಆಗುತ್ತೆ, ಸವಕಳಿ ನಿಲ್ಲೋದಿಲ್ಲ. ಬೇಕಾಗಿರೋದು ಗಡಸು ಉಕ್ಕು. ಒಳ್ಳೆ ಕಂಪನಿ ಕುಳಗಳು ಬೋರಾನ್ ಸೇರಿಸಿದ ಉಕ್ಕಿನವು, ಕಾಯಿಸಿ ತಣಿಸಿ ಹದ ಮಾಡಿರ್ತಾರೆ. ಲಾರಿಯ ಹಳೆ ಕಮಾನು ಪಟ್ಟಿಯಿಂದ ಮಾಡೋ ಕುಳವೂ ಕೆಟ್ಟದ್ದೇನಲ್ಲ, ಆದರೆ ಅದನ್ನ ಕೆಂಪಗೆ ಕಾಯಿಸಿ ಬಾಗಿಸಿ ಹಾಗೇ ಬಿಟ್ಟರೆ ಹದ ಹೋಗುತ್ತೆ. ನಮ್ಮ ಕಮ್ಮಾರರು ಕುಳ ಹಣಿದ ಮೇಲೆ ನೀರು ಕುಡಿಸ್ತಿದ್ದದ್ದು ಸುಮ್ನೆ ಅಲ್ಲ. ಇನ್ನೊಂದು ಉಪಾಯ, ಗಡಸು ವೆಲ್ಡಿಂಗ್ ರಾಡಿನಿಂದ ಕುಳದ ಒಂದೇ ಬದಿಗೆ ಪದರ ಹಾಕೋದು. ಮೆತ್ತನೆ ಬದಿ ಮೊದಲು ಸವೆದು, ಗಡಸು ಬದಿ ಚೂಪಾಗೇ ಉಳಿಯುತ್ತೆ. ಎರಡೂ ಬದಿಗೆ ಹಾಕಿದರೆ ಈ ಲಾಭ ಸಿಗೋದಿಲ್ಲ. ಹೊಸ ಮಾದರಿಗಳಲ್ಲಿ ಕುಳದ ತುದಿಗೆ ಬೇರೆ ಪಟ್ಟಿ ಇರುತ್ತೆ. ಒಂದು ತುದಿ ಸವೆದರೆ ಬೋಲ್ಟ್ ಬಿಚ್ಚಿ ತಿರುವಿ ಹಾಕಬಹುದು. ಹೊಲದಲ್ಲೇ ಮುಗಿಯೋ ಕೆಲಸ.

ಎರಿ ಮಣ್ಣಿನ ಇನ್ನೊಂದು ಕಾಟ ಅಂಟು. ಹಸಿ ಹೆಚ್ಚಿದ್ದಾಗ ಮಣ್ಣು ಹೊರಳಿಸೋ ರೆಕ್ಕೆಗೆ ಮೆತ್ತಿಕೊಂಡು, ಮಣ್ಣಿನ ಮೇಲೆ ಮಣ್ಣೇ ಉಜ್ಜುತ್ತೆ. ಇದು ನಮ್ಮದಷ್ಟೇ ತೊಂದರೆ ಅಲ್ಲ. ಅಮೆರಿಕದ ಇಲಿನಾಯ್ಸ್‌ನ ಕಪ್ಪು ಅಂಟು ಮಣ್ಣಿನಲ್ಲೂ ಹೀಗೇ ಇತ್ತು. ಅಲ್ಲಿ ಜಾನ್ ಡೀರ್ ಎಂಬ ಕಮ್ಮಾರ 1837ರಲ್ಲಿ ಮುರಿದ ಗರಗಸದ ಉಕ್ಕಿನಿಂದ ನುಣುಪಾದ ನೇಗಿಲು ಮಾಡಿ ಗೆದ್ದ. ಇವತ್ತಿನ ಉಪಾಯ ಅಂದ್ರೆ ಪಟ್ಟಿ ಪಟ್ಟಿಯಾಗಿ ಸೀಳಿದ ರೆಕ್ಕೆ. ಮಣ್ಣು ತಾಗೋ ಜಾಗ ಕಡಿಮೆ, ಅಂಟೂ ಕಡಿಮೆ, ಸವೆದ ಪಟ್ಟಿ ಒಂದನ್ನೇ ಬದಲಿಸಬಹುದು. ಎರಿ ಹೊಲದವರು ಹೊಸದು ಕೊಳ್ಳೋದಾದರೆ ಇದನ್ನೇ ಕೇಳಿ. ಮಸಾರಿ, ಗರಸು ಹೊಲದವರಿಗೆ ಅಂಟಿನ ಚಿಂತೆ ಇಲ್ಲ, ಕಲ್ಲಿನ ಚಿಂತೆ. ಅವರು ನೋಡಬೇಕಾದ್ದು ಬಂಡೆ ತಾಗಿದಾಗ ತಾನೇ ಮುರಿಯೋ ಬೋಲ್ಟು, ಇಲ್ಲಾ ಹಿಂದಕ್ಕೆ ಬಾಗೋ ಸ್ಪ್ರಿಂಗು ಇದೆಯಾ ಅಂತ. ಆ ಬೋಲ್ಟ್ ಮುರಿದಾಗ ಸಿಟ್ಟಿಗೆದ್ದು ದಪ್ಪ ಬೋಲ್ಟ್ ಹಾಕಿದರೆ ಮುಂದಿನ ಸಲ ಮುರಿಯೋದು ರಂಟಿ.

ನೇಗಿಲು ಸುಧಾರಿಸೋ ಕೆಲಸಕ್ಕೆ ನಮ್ಮ ಕಡೆಯೂ ಹಳೇ ನಂಟಿದೆ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅಲ್ಲೇ ಕಬ್ಬಿಣದ ನೇಗಿಲು ಮಾಡೋಕೆ ಶುರು ಮಾಡಿದವರು. 1910ರಲ್ಲಿ ಕಾರ್ಖಾನೆ ಕಿರ್ಲೋಸ್ಕರವಾಡಿಗೆ ಹೋಯ್ತು.

ಈಗ ಎಲ್ಲರೂ ಕೇಳೋದು ಪಲ್ಟಿ ರಂಟಿ. ಸಾದಾ ನೇಗಿಲು ಮಣ್ಣನ್ನ ಬಲಕ್ಕೆ ಮಾತ್ರ ಹಾಕುತ್ತೆ. ಹಾಗಾಗಿ ಸುತ್ತು ಹೊಡೀಬೇಕು, ಹೊಲದಲ್ಲಿ ಒಂದು ಕಡೆ ದಿಬ್ಬ, ಒಂದು ಕಡೆ ಹಳ್ಳ ಬೀಳುತ್ತೆ. ಪಲ್ಟಿಯಲ್ಲಿ ಮೇಲೊಂದು ಕೆಳಗೊಂದು ಜೋಡಿ ಕುಳ. ಬದುವಿನ ಹತ್ರ ತಿರುಗಿಸಿ ಅದೇ ಸಾಲಿಗೆ ವಾಪಸ್ ಬರಬಹುದು. ಖಾಲಿ ಓಡಾಟ ಉಳಿಯುತ್ತೆ, ಹೊಲ ಸಮ ಇರುತ್ತೆ. ಆದರೆ ಭಾರವೂ ಜಾಸ್ತಿ, ಬೆಲೆಯೂ ಜಾಸ್ತಿ. ಸಣ್ಣ ಟ್ರ್ಯಾಕ್ಟರ್‌ಗೆ ಎರಡು ಕುಳದ ಪಲ್ಟಿ ಕಟ್ಟಿ ಎತ್ತಿದರೆ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ಮಾತು ಕೇಳೋದಿಲ್ಲ. ಕಾಲುವೆ ದಂಡೆ ಮೇಲೆ ಇದು ಜೀವದ ಪ್ರಶ್ನೆ.

ರಂಟಿ ಎಷ್ಟೇ ಚೆನ್ನಾಗಿರಲಿ, ಕಟ್ಟೋದು ತಪ್ಪಿದರೆ ವ್ಯರ್ಥ. ಮೂರು ಕೊಂಡಿಯ ಜೋಡಣೆಯನ್ನ ಹೈಡ್ರಾಲಿಕ್ ಜೊತೆ ಸೇರಿಸಿ ಬಳಕೆಗೆ ತಂದವರು ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್. 1939ರ ಫೋರ್ಡ್ ಟ್ರ್ಯಾಕ್ಟರ್‌ನಿಂದ ಅದು ಮನೆಮಾತಾಯ್ತು. ಅದರ ಗುಟ್ಟೇ ಭಾರ ಹೇರದೆ ಕೆಲಸ ಮಾಡೋದು. ಮಣ್ಣಿನ ಎಳೆತವನ್ನೇ ಹಿಂದಿನ ಗಾಲಿಯ ಹಿಡಿತಕ್ಕೆ ತಿರುಗಿಸುತ್ತೆ. ಸೀಟಿನ ಪಕ್ಕ ಎರಡು ಲಿವರ್ ಇರೋದು ಇದಕ್ಕೇ. ಒಂದು ಎತ್ತರಕ್ಕೆ, ಇನ್ನೊಂದು ಎಳೆತಕ್ಕೆ. ಎಷ್ಟೋ ಡ್ರೈವರ್‌ಗಳು ಎರಡನೆಯದನ್ನ ಮುಟ್ಟೋದೇ ಇಲ್ಲ. ಮೇಲಿನ ಟಾಪ್ ಲಿಂಕ್ ಗಿಡ್ಡ ಮಾಡಿದರೆ ಕುಳದ ಮೂಗು ಕೆಳಗಿಳಿಯುತ್ತೆ, ಉದ್ದ ಮಾಡಿದರೆ ಏಳುತ್ತೆ. ಕಲ್ಲು ಹುಡುಕೋ ಮೊದಲು ಅದನ್ನ ಎರಡು ಸುತ್ತು ತಿರುವಿ ನೋಡಿ.

ಕೊನೆಗೆ ಆಳದ ಮಾತು. ವರ್ಷವೂ ಒಂದೇ ಆಳಕ್ಕೆ ಹೊಡೆದರೆ ಕುಳದ ಕೆಳಗೆ ಗಟ್ಟಿ ಪದರ ಕೂರುತ್ತೆ, ಮಳೆ ನೀರು ಇಳಿಯೋದಿಲ್ಲ. ಎರಿ ಮಣ್ಣು ಬೇಸಿಗೆಯಲ್ಲಿ ತಾನೇ ಬಿರಿಯುತ್ತೆ, ಹಾಗಾಗಿ ಆಳ ಉಳುಮೆ ಮೂರು ವರ್ಷಕ್ಕೊಮ್ಮೆ ಸಾಕು. ಕರಕಿ ಹಬ್ಬಿದ ಹೊಲದ ಮಾತು ಬೇರೆ.

ಹೊಸದು ಕೊಳ್ಳೋರು ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದ ಪಟ್ಟಿ ನೋಡಿ, ಎಫ್‌ಐಡಿ ನಂಬರ್ ಕೈಯಲ್ಲಿರಲಿ. ಒಂದೆರಡು ದಿನದ ಕೆಲಸಕ್ಕಾದರೆ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತಾ ಕೇಳಿ. ಹಳೇ ರಂಟಿಯೇ ಸಾಕು ಅನ್ನೋರು ಅದನ್ನ ಇವತ್ತೇ ಸಿಮೆಂಟ್ ನೆಲದ ಮೇಲಿಟ್ಟು ಕೆಳಗೆ ನಾಣ್ಯ ತೂರಿಸಿ ನೋಡಿ. ತೂರದಿದ್ದರೆ ಕುಳ ಬಿಚ್ಚೋ ಹೊತ್ತು ಬಂದಿದೆ.