ಕಣ್ಣಿನ ಹಿಂಭಾಗದ ಉರಿಯೂತ ಮತ್ತು ಸ್ಟೀರಾಯ್ಡ್ ಚಿಕಿತ್ಸೆ

ಕಣ್ಣುಗುಡ್ಡೆಯ ಹೊರಗಿನ ಬಿಳಿ ಪದರಕ್ಕೂ ಒಳಗಿನ ಅಕ್ಷಿಪಟಲಕ್ಕೂ ನಡುವೆ ರಕ್ತನಾಳಗಳಿಂದ ತುಂಬಿದ, ಬಣ್ಣದ ಕಣಗಳುಳ್ಳ ಪದರವೊಂದಿದ್ದು, ಅದನ್ನು ಯೂವಿಯಾ ಎಂದು ಕರೆಯುತ್ತಾರೆ. ಇದರ ಮುಂಭಾಗದಲ್ಲಿ ಉರಿಯೂತವಾದರೆ ಕಣ್ಣು ಕೆಂಪಾಗಿ, ನೋವು ಬಂದು, ಬೆಳಕನ್ನು ಸಹಿಸಲಾಗದೆ ರೋಗಿ ಬೇಗನೆ ವೈದ್ಯರ ಬಳಿಗೆ ಹೋಗುತ್ತಾನೆ. ಕೋರಾಯ್ಡ್ ಎನಿಸಿಕೊಳ್ಳುವ ಹಿಂಭಾಗದಲ್ಲಿ ಉರಿಯೂತವಾದಾಗ ಕಣ್ಣು ಹೊರನೋಟಕ್ಕೆ ಸ್ವಚ್ಛವಾಗಿಯೇ ಇದ್ದು, ದೃಷ್ಟಿ ಮಂಜಾಗುವುದು, ಕಪ್ಪು ಚುಕ್ಕೆಗಳು ತೇಲಿದಂತೆ ಕಾಣುವುದು, ನೇರವಾದ ಗೆರೆ ಸೊಟ್ಟಗೆ ತೋರುವುದು ಇಷ್ಟೇ ಸೂಚನೆಗಳಿರಬಹುದು. ಆದರೆ ಅಪಾಯ ಹೆಚ್ಚಿರುವುದು ಇಲ್ಲಿಯೇ. ಅಕ್ಷಿಪಟಲದ ನರಕೋಶಗಳು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲವಾದ್ದರಿಂದ ಉರಿಯೂತವನ್ನು ಬೇಗ ಹತೋಟಿಗೆ ತರುವುದೇ ಚಿಕಿತ್ಸೆಯ ಮೊದಲ ಗುರಿ.

ಆ ಕೆಲಸಕ್ಕೆ ಇಂದಿಗೂ ಮುಖ್ಯ ಔಷಧಿ ಸ್ಟೀರಾಯ್ಡ್. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಸ್ರವಿಸುವ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಹೋಲುವ ಈ ಔಷಧಿಗಳು ಜೀವಕೋಶದ ಒಳಹೊಕ್ಕು, ಉರಿಯೂತವನ್ನು ಕೆರಳಿಸುವ ರಾಸಾಯನಿಕಗಳ ತಯಾರಿಕೆಯನ್ನೇ ತಗ್ಗಿಸುತ್ತವೆ. ಸೋರುವ ರಕ್ತನಾಳಗಳನ್ನು ಬಿಗಿಗೊಳಿಸಿ, ಸೂಕ್ಷ್ಮ ದೃಷ್ಟಿಯ ಕೇಂದ್ರವಾದ ಮ್ಯಾಕ್ಯುಲಾದಲ್ಲಿ ನೀರು ತುಂಬಿ ಆಗುವ ಊತವನ್ನು ಇಳಿಸುತ್ತವೆ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಸಂಧಿವಾತದ ರೋಗಿಗೆ ಕಾರ್ಟಿಸೋನ್ ನೀಡಿ ಕಂಡ ಫಲವು 1950ರ ನೊಬೆಲ್ ಪ್ರಶಸ್ತಿಗೆ ಕಾರಣವಾಯಿತು. ಕಣ್ಣಿನ ಉರಿಯೂತಕ್ಕೂ ಈ ಔಷಧಿಯ ಬಳಕೆ ಅದರ ಬೆನ್ನಿಗೇ ಆರಂಭವಾಯಿತು.

ಈ ಚಿಕಿತ್ಸೆಯ ಬಲವನ್ನೂ ಕಟ್ಟುಪಾಡನ್ನೂ ಚೆನ್ನಾಗಿ ತೋರಿಸುವ ರೋಗವೆಂದರೆ ಭಾರತೀಯರಲ್ಲಿಯೂ ಕಂಡುಬರುವ ವೋಗ್ಟ್–ಕೊಯನಾಗಿ–ಹರಾಡಾ ಕಾಯಿಲೆ. ಚರ್ಮ, ಕೂದಲು, ಒಳಗಿವಿ ಮತ್ತು ಕಣ್ಣಿಗೆ ಬಣ್ಣ ಕೊಡುವ ಕೋಶಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ಶತ್ರುವೆಂದು ಭಾವಿಸಿ ಆಕ್ರಮಿಸುವ ಈ ರೋಗದಲ್ಲಿ ಮೊದಲು ತಲೆನೋವು, ಕುತ್ತಿಗೆ ಬಿಗಿತ, ಕಿವಿಯಲ್ಲಿ ಗುಂಯ್‌ಗುಟ್ಟುವಿಕೆ ಕಾಣಿಸಿಕೊಂಡು, ಕೆಲವೇ ದಿನಗಳಲ್ಲಿ ಎರಡೂ ಕಣ್ಣುಗಳ ದೃಷ್ಟಿ ಕುಗ್ಗುತ್ತದೆ. ಅಕ್ಷಿಪಟಲದ ಕೆಳಗೆ ದ್ರವ ತುಂಬಿಕೊಂಡು ಅದು ಅಲ್ಲಲ್ಲಿ ಗುಳ್ಳೆಯಂತೆ ಮೇಲೇಳುತ್ತದೆ. ಸಾಮಾನ್ಯವಾಗಿ ಮೊದಲು ದಿನಕ್ಕೆ 1 ಗ್ರಾಂ ಮೀಥೈಲ್ ಪ್ರೆಡ್ನಿಸೋಲೋನ್ ಅನ್ನು 3 ದಿನ ರಕ್ತನಾಳದ ಮೂಲಕ ಕೊಟ್ಟು, ನಂತರ ದೇಹತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಂನಂತೆ ಪ್ರೆಡ್ನಿಸೋಲೋನ್ ಮಾತ್ರೆ ಆರಂಭಿಸುತ್ತಾರೆ. ದ್ರವ ಇಂಗಿ ದೃಷ್ಟಿ ಮರಳಿದರೂ ಮಾತ್ರೆಯನ್ನು ಕನಿಷ್ಠ 6 ತಿಂಗಳ ಕಾಲ ಹಂತಹಂತವಾಗಿ ಇಳಿಸಬೇಕಾಗುತ್ತದೆ. ಬೇಗನೆ ನಿಲ್ಲಿಸಿದವರಲ್ಲಿ ರೋಗ ಮರುಕಳಿಸುವ ಸಂಭವ ಹೆಚ್ಚು.

ಔಷಧಿ ಆರಂಭಿಸುವ ಮುನ್ನ ಸೋಂಕು ಇಲ್ಲವೆಂದು ಖಚಿತಪಡಿಸಿಕೊಳ್ಳುವುದು ಅನಿವಾರ್ಯ. ಕ್ಷಯ, ಸಿಫಿಲಿಸ್, ಟಾಕ್ಸೊಪ್ಲಾಸ್ಮಾ, ಹರ್ಪಿಸ್ ವೈರಸ್ ಇವುಗಳೂ ಕಣ್ಣಿನ ಹಿಂಭಾಗದಲ್ಲಿ ಇಂಥದೇ ಉರಿಯೂತ ಉಂಟುಮಾಡುವುದರಿಂದ, ಸೋಂಕಿನ ಔಷಧಿಯಿಲ್ಲದೆ ಸ್ಟೀರಾಯ್ಡ್ ಮಾತ್ರ ಕೊಟ್ಟರೆ ರೋಗಾಣುಗಳಿಗೆ ಅವಕಾಶ ಮಾಡಿಕೊಟ್ಟಂತಾಗುತ್ತದೆ. ರಕ್ತಪರೀಕ್ಷೆ, ಎದೆಯ ಎಕ್ಸ್-ರೇ ಮತ್ತು ಮ್ಯಾಂಟೂ ಪರೀಕ್ಷೆಯನ್ನು ಮೊದಲು ಬರೆದುಕೊಡುವುದು ಈ ಕಾರಣಕ್ಕೆ.

ಹನಿ ಔಷಧಿ ಕಣ್ಣಿನ ಹಿಂಭಾಗಕ್ಕೆ ಸಾಕಷ್ಟು ಪ್ರಮಾಣದಲ್ಲಿ ತಲುಪದು. ಒಂದೇ ಕಣ್ಣಿಗೆ ರೋಗವಿದ್ದಾಗ ಅಥವಾ ಮಾತ್ರೆ ಒಗ್ಗದಿದ್ದಾಗ ಕಣ್ಣಿನ ಪಕ್ಕಕ್ಕೆ ಟ್ರಯಾಮ್ಸಿನೊಲೋನ್ ಚುಚ್ಚುಮದ್ದು ಕೊಡುವುದುಂಟು. ಕಣ್ಣಿನೊಳಗಿನ ಲೋಳೆಯಂಥ ವಿಟ್ರಿಯಸ್‌ಗೆ 0.7 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಇರುವ ಸಣ್ಣ ಕಡ್ಡಿಯನ್ನು ಸೂಜಿಯ ಮೂಲಕ ಸೇರಿಸುವುದೂ ಉಂಟು. ಆ ಕಡ್ಡಿ ಕೆಲವು ತಿಂಗಳ ಕಾಲ ಔಷಧಿಯನ್ನು ನಿಧಾನವಾಗಿ ಬಿಡುತ್ತ ತಾನೇ ಕರಗಿಹೋಗುತ್ತದೆ.

ಯಾವ ಮಾರ್ಗದಿಂದ ಕೊಟ್ಟರೂ ಸ್ಟೀರಾಯ್ಡ್‌ನಿಂದ ಕಣ್ಣಿನ ಪೊರೆ ಬೆಳೆಯಬಹುದು, ಕಣ್ಣಿನ ಒತ್ತಡ ಏರಿ ಗ್ಲುಕೋಮಾ ಆಗಬಹುದು. ಮಾತ್ರೆಯಾದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂಳೆ ಸವೆತ, ಹೊಟ್ಟೆ ಹುಣ್ಣು ಇವುಗಳ ಮೇಲೂ ಕಣ್ಣಿಡಬೇಕು. ಹೊರಗಿನ ಔಷಧಿಗೆ ಒಗ್ಗಿಕೊಂಡ ಅಡ್ರಿನಲ್ ಗ್ರಂಥಿಗಳು ಸ್ವಂತ ಕೆಲಸ ತಗ್ಗಿಸಿರುವುದರಿಂದ ದಿಢೀರನೆ ಮಾತ್ರೆ ಬಿಟ್ಟರೆ ತೀವ್ರ ನಿಶ್ಶಕ್ತಿ, ವಾಂತಿ, ರಕ್ತದೊತ್ತಡ ಕುಸಿತ ಉಂಟಾಗಿ ಜೀವಕ್ಕೇ ಅಪಾಯವಾದೀತು. ದೀರ್ಘಕಾಲ ಔಷಧಿ ಬೇಕಾದವರಿಗೆ ಮೆಥೊಟ್ರೆಕ್ಸೇಟ್, ಮೈಕೊಫಿನೊಲೇಟ್, ಅಡಾಲಿಮುಮ್ಯಾಬ್‌ನಂಥ ಔಷಧಿಗಳನ್ನು ಜೊತೆಗೂಡಿಸಿ ಸ್ಟೀರಾಯ್ಡ್‌ನ ಪ್ರಮಾಣವನ್ನು ಇಳಿಸುತ್ತಾರೆ.

ಆದ್ದರಿಂದ ಸ್ಟೀರಾಯ್ಡ್ ಎಂಬ ಹೆಸರು ಕೇಳಿದೊಡನೆ ಹೆದರಿ ಬಿಡುವುದೂ, ಹಳೆಯ ಚೀಟಿ ತೋರಿಸಿ ಔಷಧಿ ಅಂಗಡಿಯಿಂದ ತಂದು ನುಂಗುವುದೂ ಸಮಾನ ತಪ್ಪುಗಳು. ದೃಷ್ಟಿ ಸರಿಯಾಯಿತೆನಿಸಿದರೂ ಗೊತ್ತುಪಡಿಸಿದ ದಿನಕ್ಕೆ ತಪಾಸಣೆಗೆ ಹೋಗಿ, ಕಣ್ಣಿನ ಒತ್ತಡ ಮತ್ತು ರಕ್ತದ ಸಕ್ಕರೆಯನ್ನು ಅಳೆಸಿಕೊಂಡು, ನೇತ್ರತಜ್ಞರು ಹೇಳಿದ ಕ್ರಮದಲ್ಲಿಯೇ ಮಾತ್ರೆ ಇಳಿಸುತ್ತ ಬರುವುದು ರೋಗಿಯ ಪಾಲಿನ ಚಿಕಿತ್ಸೆ.