ಚಿತ್ರಕಥೆಗೆ ದೋಣಿ ಇಳಿಸುವ ಮುನ್ನ

ಕಳೆದ ವರ್ಷ ನಮ್ಮ ಸಂಘದ ಗೆಳೆಯರೆಲ್ಲ ಸೇರಿ ಅರ್ಧ ಗಂಟೆಯ ಒಂದು ಚಿತ್ರ ಮಾಡೋಣ ಅಂತ ಹೊರಟಾಗ, ಚಿತ್ರಕಥೆ ಬರೆಯುವ ಹೊಣೆ ನನ್ನ ತಲೆಗೆ ಬಂತು. ಕಥೆ ಸರಳ. ಗಂಗೊಳ್ಳಿಯ ಹುಡುಗನೊಬ್ಬ ಮುಂಬಯಿಯ ವರ್ಸೋವಾದಲ್ಲಿ ಮೀನಿನ ಬೋಟಿಗೆ ಸೇರುತ್ತಾನೆ, ಎರಡು ವರ್ಷ ದುಡಿದು ಊರಿಗೆ ಮರಳುತ್ತಾನೆ, ಅಲ್ಲಿ ಅಣ್ಣನ ದೋಣಿ ಹತ್ತಿದವನು ತಿರುಗಿ ಬರುವುದಿಲ್ಲ. ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ದೋಣಿ ಹತ್ತಿದ್ದು ಒಂದೇ ಸಲ, ಗೇಟ್‌ವೇಯಿಂದ ಎಲಿಫೆಂಟಾಕ್ಕೆ, ಅದೂ ಶಾಲೆಯ ಪ್ರವಾಸದಲ್ಲಿ. ಆದರೂ ಹದಿನೈದು ದಿನದಲ್ಲಿ ಬರೆದು ಮುಗಿಸಿದೆ. ಕಡಲಿನ ವಿಷಯ ಅಂದಮೇಲೆ ಹುಣ್ಣಿಮೆ, ಬಿರುಗಾಳಿ, ಮಿಂಚು ಇದ್ದರೆ ಸಾಲದೇ!

ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ ಗಂಗೊಳ್ಳಿಯ ಹಿರಿಯರೊಬ್ಬರಿದ್ದಾರೆ. ಊರಲ್ಲೂ ಇಲ್ಲೂ ಸೇರಿ ಮೂವತ್ತು ವರ್ಷ ದೋಣಿಯಲ್ಲಿ ದುಡಿದವರು. ಎಲ್ಲರಿಗೂ ಮಾಮ. ಅವರ ಮುಂದೆ ಓದಿದೆ. ಮೊದಲ ದೃಶ್ಯ: ಹುಣ್ಣಿಮೆಯ ಸಂಜೆ, ಪೂರ್ವದಲ್ಲಿ ಚಂದ್ರ ಏಳುತ್ತಿದ್ದಾನೆ, ವರ್ಸೋವಾ ಖಾಡಿಯ ತುಂಬಿದ ನೀರಿನಲ್ಲಿ ಬೋಟು ಹೊರಡುತ್ತದೆ.

“ಹುಣ್ಣಿಮಿ ಸಂಜಿಗೆ ಅಲ್ಲಿ ನೀರ್ ಎಲ್ಲಿತ್ತ್ ಮಾರಾಯಾ?” ಅಂದರು ಮಾಮ.

ನನಗೆ ಅರ್ಥವಾಗಲಿಲ್ಲ. ಆಮೇಲೆ ಅವರೇ ಬಿಡಿಸಿ ಹೇಳಿದರು. ಅಮಾವಾಸ್ಯೆ ಹುಣ್ಣಿಮೆಗಳ ಹೊತ್ತಿಗೆ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಆ ದಿನಗಳಲ್ಲಿ ಮುಂಬಯಿಯಲ್ಲಿ ನೀರು ತುಂಬುವುದು ಮಧ್ಯಾಹ್ನ 12ರ ಆಸುಪಾಸಿಗೆ, ಮತ್ತೆ ನಡುರಾತ್ರಿಗೆ. ಚಂದ್ರ ಏಳುವ ಸಂಜೆ 6ರ ಹೊತ್ತಿಗೆ ನೀರು ಪೂರಾ ಇಳಿದು ಖಾಡಿಯಲ್ಲಿ ಬೋಟುಗಳು ಕೆಸರಿನ ಮೇಲೆ ಓರೆಯಾಗಿ ಕೂತಿರುತ್ತವೆ. ಮುಂಬಯಿಯಲ್ಲಿ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ನಡುವೆ 4 ಮೀಟರಿಗೂ ಮೇಲೆ ವ್ಯತ್ಯಾಸ. ನಮ್ಮ ಕರಾವಳಿಯಲ್ಲಿ ಅದು ಒಂದೂವರೆ ಮೀಟರಿನ ಸುತ್ತಮುತ್ತ. ಊರಿನಲ್ಲಿ ನಡೆದೀತು ಅನ್ನುವ ದೃಶ್ಯ ಇಲ್ಲಿ ನಡೆಯದು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಆದ್ದರಿಂದ ಆಕಾಶದಲ್ಲಿ ಎಂಥ ಚಂದ್ರ ಅಂತ ನೀವು ಬರೆದ ಕ್ಷಣವೇ ನೀರೆಷ್ಟು ಅಂತಲೂ ಬರೆದಂತಾಯಿತು. ನಮಗೆ ಗೊತ್ತಾಗದಿದ್ದರೂ ವರ್ಸೋವಾದ ಕೋಳಿ ಹುಡುಗನಿಗೆ ಗೊತ್ತಾಗುತ್ತದೆ. ಪಟ್ಟಿ ನೋಡಿ ಬರೆಯುವುದೇನೂ ಕಷ್ಟವಿಲ್ಲ. ಭಾರತೀಯ ಸರ್ವೇಕ್ಷಣ ಇಲಾಖೆ ಪ್ರತಿವರ್ಷ ಉಬ್ಬರವಿಳಿತದ ಪಟ್ಟಿ ಹೊರಡಿಸುತ್ತದೆ, ಈಗಂತೂ ಮೊಬೈಲಿನಲ್ಲೇ ಸಿಗುತ್ತದೆ.

ಮಾತಿನ ವಿಷಯಕ್ಕೆ ಬಂದರೆ ನನ್ನ ಮಾನ ಇನ್ನಷ್ಟು ಹೋಯಿತು. ಇಂಗ್ಲಿಷ್ ಪುಸ್ತಕವೊಂದನ್ನು ಎದುರಿಗಿಟ್ಟುಕೊಂಡು ಬರೆದಿದ್ದೆ. ಅದರಲ್ಲಿ ‘ಪೋರ್ಟ್’ ಕಡೆ ತಿರುಗಿಸು ಅಂತ ಇದ್ದದ್ದನ್ನು ‘ಬಂದರಿನ ಕಡೆ ತಿರುಗಿಸು’ ಅಂತ ಮಾಡಿದ್ದೆ. ಹಡಗಿನ ಮಾತಿನಲ್ಲಿ ಪೋರ್ಟ್ ಎಂದರೆ ಮುಂದಕ್ಕೆ ಮುಖ ಮಾಡಿ ನಿಂತವನ ಎಡಬದಿ, ಸ್ಟಾರ್‌ಬೋರ್ಡ್ ಎಂದರೆ ಬಲಬದಿ. ಹಿಂದೆ ಎಡಬದಿಗೆ ಲಾರ್‌ಬೋರ್ಡ್ ಅನ್ನುತ್ತಿದ್ದರು. ಗಾಳಿಯ ಗದ್ದಲದಲ್ಲಿ ಎರಡೂ ಒಂದೇ ಥರ ಕೇಳಿಸುತ್ತದೆ ಅಂತ ಬ್ರಿಟಿಷ್ ನೌಕಾಪಡೆ 1844ರಲ್ಲಿ ಅದನ್ನು ಕೈಬಿಟ್ಟಿತು. ಇನ್ನೊಂದು ತಮಾಷೆ. 1997ರ ‘ಟೈಟಾನಿಕ್’ ಚಿತ್ರದಲ್ಲಿ ಮಂಜುಗಡ್ಡೆ ಕಂಡಾಗ ಅಧಿಕಾರಿ ಸ್ಟಾರ್‌ಬೋರ್ಡ್ ಅಂತ ಕೂಗುತ್ತಾನೆ, ಚಕ್ರ ಹಿಡಿದವನು ಎಡಕ್ಕೆ ತಿರುಗಿಸುತ್ತಾನೆ. ತಪ್ಪು ಸಿಕ್ಕಿತು ಅಂತ ಎಷ್ಟೋ ಜನ ಕುಣಿದರು. ಅದು ತಪ್ಪಲ್ಲ. 1912ರಲ್ಲಿ ಆಜ್ಞೆ ಕೊಡುತ್ತಿದ್ದದ್ದು ಚುಕ್ಕಾಣಿಯ ಹಿಡಿಯನ್ನು ಲೆಕ್ಕಕ್ಕೆ ಹಿಡಿದು; ಹಿಡಿ ಬಲಕ್ಕೆ ಹೋದರೆ ಹಡಗು ಎಡಕ್ಕೆ. ಆ ಪದ್ಧತಿ ಹೋದದ್ದು 1930ರ ದಶಕದಲ್ಲಿ. ಕಾಲ ಗೊತ್ತಿಲ್ಲದೆ ತಿದ್ದಲು ಹೋದರೂ ಕೆಡುತ್ತದೆ ನೋಡಿ.

‘ಶೀಟ್’ ಎಂಬುದನ್ನು ನಾನು ಹಾಯಿಯ ಬಟ್ಟೆ ಅಂದುಕೊಂಡಿದ್ದೆ. ಅದು ಹಾಯಿಯನ್ನು ಬಿಗಿಯುವ, ಸಡಿಲಿಸುವ ಹಗ್ಗ. ‘ಗಂಟೆಗೆ ಹತ್ತು ನಾಟ್’ ಅಂತಲೂ ಬರೆದಿದ್ದೆ. ನಾಟ್ ಎಂಬುದರೊಳಗೇ ಗಂಟೆ ಇದೆ: ಗಂಟೆಗೆ ಒಂದು ನಾವಿಕ ಮೈಲಿ, ಅಂದರೆ 1.852 ಕಿಲೋಮೀಟರ್. ಇಷ್ಟಕ್ಕೂ ನನ್ನ ಕಥೆಯ ತಂಡೇಲ ಪೋರ್ಟ್ ಅಂತಾನೆಯೇ, ನಾಟ್ ಅಂತಾನೆಯೇ? ಮಾಮನ ಬಾಯಲ್ಲಿ ಒಮ್ಮೆಯೂ ಆ ಮಾತು ಬರಲಿಲ್ಲ. ಆಳ ಹೇಳುವಾಗ ಅವರು ‘ಮಾರು’ ಅಂದರು. ಎರಡು ಕೈ ಚಾಚಿದಷ್ಟು ಉದ್ದ. ಇಂಗ್ಲಿಷಿನ ಫ್ಯಾದಮ್ ಅಂದರೂ ಅದೇ, 6 ಅಡಿ. ನಾನು ಅದಕ್ಕೆ ಕನ್ನಡ ಪದವಿಲ್ಲ ಅಂತ ತಿಳಿದು ಹಾಗೇ ಇಟ್ಟಿದ್ದೆ! ಚುಕ್ಕಾಣಿ, ಹಾಯಿ, ಹುಟ್ಟು, ಜಲ್ಲೆ, ಲಂಗರು, ಅಳಿವೆ ಎಲ್ಲ ನಮ್ಮಲ್ಲೇ ಇವೆ. ಮಂಗಳೂರಿನ ದಕ್ಕೆಯೂ ಇಲ್ಲಿಯ ಭಾವುಚಾ ಧಕ್ಕಾವೂ ಮಾತಿನಲ್ಲಿ ನೆಂಟರೇ. ಆದರೆ ಪದ ಸಿಕ್ಕಿತು ಅಂತ ಎಲ್ಲಿ ಬೇಕಾದರಲ್ಲಿ ಅಂಟಿಸುವ ಹಾಗಿಲ್ಲ. ನಮ್ಮ ಗೆಳೆಯನೊಬ್ಬ ಹಂಪಿಯ ಕಥೆಯಲ್ಲಿ ‘ಹರಿಗೋಲಿನ ಮೂತಿ’ ಅಂತ ಬರೆದ. ಬುಟ್ಟಿಯಂತೆ ದುಂಡಗಿರುವ ಹರಿಗೋಲಿಗೆ ಮೂತಿ ಯಾವುದು, ಬಾಲ ಯಾವುದು?

ದೃಶ್ಯಕ್ಕೆ ಉಪಯೋಗಕ್ಕೆ ಬರುವ ಒಂದೆರಡು ಸಂಗತಿ. ಎಂಜಿನ್ ಬೋಟಿನಲ್ಲಿ ಪಿಸುಮಾತು ನಡೆಯುವುದಿಲ್ಲ. ಪ್ರೇಮವಾಗಲಿ ಜಗಳವಾಗಲಿ ಕೂಗಿಯೇ ಆಡಬೇಕು, ಇಲ್ಲ ಎಂಜಿನ್ ನಿಲ್ಲಿಸಬೇಕು. ರಾತ್ರಿ ಹಡಗಿನ ಎಡಬದಿಗೆ ಕೆಂಪು ದೀಪ, ಬಲಬದಿಗೆ ಹಸಿರು. ಎರಡೂ ಒಟ್ಟಿಗೆ ಕಂಡವು ಅಂದರೆ ಅದು ನೇರ ನಿಮ್ಮ ಮೇಲೇ ಬರುತ್ತಿದೆ. ಒಂದು ಮಾತೂ ಇಲ್ಲದೆ ಎದೆ ಝಲ್ಲೆನ್ನಿಸಲು ಇದಕ್ಕಿಂತ ಬೇರೆ ಬೇಕೆ? ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆ ತಿಂಗಳಲ್ಲಿ ಟ್ರಾಲ್ ಬೋಟನ್ನು ಕಡಲಿಗಿಳಿಸಬೇಡಿ. ಅಜ್ಜನ ಕಾಲದ ಹಾಯಿದೋಣಿಯನ್ನು ನಾನು ನಡುಮಧ್ಯಾಹ್ನ ಹೊರಡಿಸಿದ್ದೆ. ಅದೂ ತಪ್ಪು. ಬೇಸಗೆಯಲ್ಲಿ ಬೆಳಗಿನ ಜಾವ ನೆಲದಿಂದ ಬೀಸುವ ಗಾಳಿಗೆ ಹಾಯಿ ಬಿಚ್ಚಿ ಹೋಗಿ, ಮಧ್ಯಾಹ್ನದ ಕಡಲ ಗಾಳಿಯಲ್ಲಿ ಮರಳುವುದು ಪದ್ಧತಿ.

ಇದನ್ನೆಲ್ಲ ಮಾಮ ನಗುನಗುತ್ತಲೇ ತಿದ್ದಿಸಿದರು. ಕೊನೆಯ ದೃಶ್ಯಕ್ಕೆ ಬಂದಾಗ ಮಾತ್ರ ಸುಮ್ಮನಾದರು. ದಡ ಕಾಣದ ನಡುಗಡಲು, ಬಿರುಗಾಳಿ, ಮಿಂಚು, ಮಗುಚುವ ದೋಣಿ, ಹೀಗೆ ಬರೆದಿದ್ದೆ.

“ದೂರದಾಗೆ ಹೋಪುದ್ ಕಮ್ಮಿ,” ಅಂದರು. “ಅಳ್ವೆ ಬಾಯಲ್ಲೇ.”

ಹೊಳೆ ಕಡಲಿಗೆ ಸೇರುವ ಜಾಗ ಅಳಿವೆ. ಅಲ್ಲಿ ಮರಳು ಗುಡ್ಡೆಯಾಗಿ ನೀರು ತೆಳುವಾಗಿರುತ್ತದೆ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ರಭಸದಿಂದ ಹೊರಗೆ ಬರುತ್ತದೆ, ಕಡಲ ತೆರೆ ಎದುರಿನಿಂದ ಒಳಗೆ ನುಗ್ಗುತ್ತದೆ. ಎರಡೂ ಢಿಕ್ಕಿಯಾಗಿ ತೆರೆ ಕಡಿದಾಗಿ ಎದ್ದು ನಿಂತು ಒಡೆಯುತ್ತದೆ. ಹಿಂದಿನಿಂದ ಬಂದ ತೆರೆ ದೋಣಿಯ ಹಿಂಬದಿಯನ್ನು ಎತ್ತಿ ಅಡ್ಡಕ್ಕೆ ತಿರುಗಿಸಿತೋ, ಮುಗಿಯಿತು. ಬಿರುಗಾಳಿಯೇ ಬೇಕಂತಿಲ್ಲ, ಬಿಸಿಲಿರುವ ಮಧ್ಯಾಹ್ನವೂ ಆಗುತ್ತದೆ. ತಿಳಿದವರು ಉಬ್ಬರಕ್ಕಾಗಿ ಹೊರಗೇ ಕಾಯುತ್ತಾರೆ. ಮನೆಯ ಹೆಂಚು ಕಾಣುವಷ್ಟು ಹತ್ತಿರ ಬಂದವರಿಗೆ ಕಾಯುವ ತಾಳ್ಮೆ ಎಲ್ಲಿಯದು?

“ನಮ್ಮಣ್ಣ ಹೋದ್ದ್ ಅಲ್ಲೇ. ಅಬ್ಬಿ ದಡದಲ್ ನಿಂತ್ಕಂಡ್ ಕಾಣ್ತಿದ್ದಿದ್ಲ್.”

ತಾಯಿ ನೋಡುತ್ತಿದ್ದಂತೆಯೇ. ಮುಂದೆ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಮನೆಗೆ ಬಂದು ಮಿಂಚು, ಬಿರುಗಾಳಿ ಎಲ್ಲ ಹೊಡೆದುಹಾಕಿದೆ. ಈಗ ಆ ದೃಶ್ಯ ಒಂದೂವರೆ ಪುಟ. ಮಧ್ಯಾಹ್ನ 3 ಗಂಟೆ, ಬಿಸಿಲು, ಅಳಿವೆಯ ದಂಡೆಯಲ್ಲಿ ಒಬ್ಬ ಹೆಂಗಸು ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದಾಳೆ. ದೋಣಿಯಲ್ಲಿರುವವರ ಮುಖ ಅವಳಿಗೆ ಗುರುತು ಸಿಗುತ್ತದೆ. ಮಾತು ಒಂದೂ ಇಲ್ಲ. ಚಿತ್ರೀಕರಣಕ್ಕೆ ಅಕ್ಟೋಬರಿನ ಹುಣ್ಣಿಮೆಯ ಮರುದಿನವನ್ನು ಗೊತ್ತುಮಾಡಿದ್ದೇವೆ. ಪಟ್ಟಿಯಲ್ಲಿ ಆ ಹೊತ್ತಿಗೆ ಇಳಿತವೇ ಇದೆ. ದಂಡೆಯಿಂದಷ್ಟೇ ತೆಗೆಯುತ್ತೇವೆ. ಮಾಮ ಗಂಗೊಳ್ಳಿಗೆ ಜೊತೆಗೆ ಬರುತ್ತೇನೆ ಅಂದಿದ್ದಾರೆ. ಆ ಒಂದು ಮಧ್ಯಾಹ್ನ ಮಾತ್ರ ಮನೆಯಲ್ಲೇ ಇರುತ್ತಾರಂತೆ.